ಗಂಟು ಹಾಕುವ ಕೈಗೆ ಜನರ ಅಂಕ, ಎಲ್ಲಿಯವರೆಗೆ?

ಮಾನ್ಯರೇ,

ಉಪ್ಪಳ, ಕುಂಬಳೆ, ಬದಿಯಡ್ಕದ ಕಡೆಯ ಎಷ್ಟೋ ಮಂದಿ ದೊಡ್ಡ ಆಪರೇಷನ್ ಎಂದರೆ ತಲಪಾಡಿ ಗಡಿ ದಾಟಿ ಮಂಗಳೂರಿಗೇ ಹೋಗುವುದು. ಅಲ್ಲಿ ಎಂ.ಎಸ್. (ಶಸ್ತ್ರಚಿಕಿತ್ಸೆಯ ಸ್ನಾತಕೋತ್ತರ ಪದವಿ) ಕಲಿಯುತ್ತಿರುವವರ ಕೈ ಎಷ್ಟು ಪಳಗಿದೆ ಎಂಬುದು ಹಾಗಾಗಿ ಗಡಿಯ ಈಚೆಯವರ ಪ್ರಶ್ನೆಯೂ ಹೌದು. ವೈದ್ಯರಲ್ಲದ ಜನ ವಿಡಿಯೊ ನೋಡಿ ಆ ಕೈಗೆ ಅಂಕ ಕೊಡಬಹುದೇ? ರೋಗಿಯ ಬದಲು ಪೆಟ್ಟಿಗೆಯೊಳಗೆ ಸಲಕರಣೆ ಆಡಿಸಿ ಕಲಿಯುವ ಅಭ್ಯಾಸದ ಪೆಟ್ಟಿಗೆಯ ಹಂತದಲ್ಲಿ ಧಾರಾಳವಾಗಿ ಕೊಡಬಹುದು.

2014ರಲ್ಲಿ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ರೋಬಾಟ್ ಹೊಲಿಗೆಯ ವಿಡಿಯೊವೊಂದನ್ನು ಅಂತರ್ಜಾಲದಲ್ಲಿ ನೂರಾರು ಸಾಮಾನ್ಯರಿಗೆ ತೋರಿಸಿದಾಗ, ಅವರ ಸರಾಸರಿ ಅಂಕ ತಜ್ಞ ಸರ್ಜನ್‌ಗಳ ಅಂಕದ ಹತ್ತಿರವೇ ಬಂತು. ಇದರಲ್ಲಿ ಪವಾಡವೇನಿಲ್ಲ. ಸಲಕರಣೆ ಗುರಿ ತಪ್ಪಿ ಮುಂದೆ ಹೋಯಿತೇ, ಎಡಗೈ ಸುಮ್ಮನೆ ಕುಳಿತಿದೆಯೇ, ಸೂಜಿಯನ್ನು ಅದರ ಬಾಗಿಗೆ ತಕ್ಕಂತೆ ಮಣಿಕಟ್ಟು ತಿರುಗಿಸಿ ದಾಟಿಸುತ್ತಾರೋ ಅಥವಾ ನೇರ ತಳ್ಳಿ ಅಂಗಾಂಶ ಹರಿಯುತ್ತಾರೋ, ಇವು ಯಾರ ಕಣ್ಣಿಗೂ ಕಾಣುತ್ತವೆ. ಲ್ಯಾಪರೋಸ್ಕೋಪಿಗೆ (ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ಇಳಿಸಿ ಮಾಡುವ ಆಪರೇಷನ್) ಬಳಸುವ ‘ಗೋಲ್ಸ್’ ಮಾಪನದಲ್ಲಿ ಐದು ಅಂಶ, ಒಂದೊಂದಕ್ಕೆ ಐದರಂತೆ 25 ಅಂಕ. ಆಳದ ಅಂದಾಜು, ಎರಡು ಕೈಗಳ ಹೊಂದಾಣಿಕೆ, ಚುರುಕು, ಅಂಗಾಂಶವನ್ನು ನಾಜೂಕಾಗಿ ಹಿಡಿಯುವುದು, ಇವಿಷ್ಟನ್ನು ಸರಳ ಕನ್ನಡದಲ್ಲಿ ಕೇಳಿ. ಐದನೆಯದಾದ ಸ್ವಾವಲಂಬನೆಯನ್ನು ಬಿಡಿ, ಉಳಿಯುವುದು 20 ಅಂಕ. ಹಿರಿಯರು ಪಕ್ಕದಲ್ಲಿ ನಿಂತು ಹೇಳಿಕೊಡುತ್ತಿದ್ದರೇ ಎಂಬುದು ಧ್ವನಿಯಿಲ್ಲದ ವಿಡಿಯೊದಲ್ಲಿ ತಿಳಿಯದು.

ಒಬ್ಬರ ಅಂಕಕ್ಕೆ ಬೆಲೆಯಿಲ್ಲ. ಒಂದು ವಿಡಿಯೊ ತುಣುಕಿಗೆ ಮೂವತ್ತಾದರೂ ಮಂದಿ ಬೇಕು, ನಡುವೆ ‘ಇದಕ್ಕೆ ಉತ್ತರಿಸಬೇಡಿ’ ಎಂಬಂಥ ಒಂದು ಪರೀಕ್ಷಾ ಪ್ರಶ್ನೆ ಇಟ್ಟು, ನೋಡದೆಯೇ ಒತ್ತುವವರನ್ನು ಕಳೆಯಬೇಕು. ಇಲ್ಲದಿದ್ದರೆ ಹೋಟೆಲಿಗೆ ನಕ್ಷತ್ರ ಕೊಟ್ಟ ಕಥೆಯೇ. ನಿಧಾನವಾಗಿ ಎಚ್ಚರದಿಂದ ಮಾಡುವವರಿಗೆ ಜನ ಕಡಿಮೆ ಕೊಟ್ಟಾರು. ತುಸು ರಕ್ತ ಕಂಡರೂ ಕೆಲವರು ಬೆಚ್ಚಿ ಅಂಕ ಕಳೆದಾರು.

ಆದರೆ ಪಿತ್ತಕೋಶ ತೆಗೆಯುವ ಆಪರೇಷನ್ನಿಗೆ ಬನ್ನಿ. ನಾಳ ಮುಚ್ಚುವ ಕ್ಲಿಪ್ ಹಾಕುವ ಮುನ್ನ ಕ್ಯಾಲೋ ತ್ರಿಕೋನದ (ಪಿತ್ತನಾಳಗಳು ಮತ್ತು ಯಕೃತ್ತಿನ ನಡುವಿನ ಜಾಗ) ಕೊಬ್ಬು, ನಾರು ಬಿಡಿಸಿರಬೇಕು, ಪಿತ್ತಕೋಶದ ಕೆಳಗಿನ ಮೂರನೇ ಒಂದು ಭಾಗ ಯಕೃತ್ತಿನಿಂದ ಬೇರ್ಪಟ್ಟಿರಬೇಕು, ಪಿತ್ತಕೋಶದೊಳಕ್ಕೆ ಹೋಗುವ ಎರಡೇ ಎರಡು ರಚನೆಗಳು (ಅದರ ನಾಳ ಮತ್ತು ಅಪಧಮನಿ) ಕಾಣಬೇಕು. ಇದನ್ನು ಬಿಟ್ಟು, ನಡುಗದ ಕೈಯಿಂದ ಮುಖ್ಯ ಪಿತ್ತನಾಳಕ್ಕೇ ಕ್ಲಿಪ್ ಹಾಕಿದವರಿಗೂ ಜನ 20ಕ್ಕೆ 18 ಕೊಟ್ಟಾರು! ಕೈ ಮಾತ್ರ ನೋಡಿದವರಿಗೆ ತಪ್ಪೇ ಕಾಣದು. ಈ ಹಂತಕ್ಕೆ ಸರ್ಜನ್ನರೇ ಬೇಕು. ಮಿಷಿಗನ್‌ನಲ್ಲಿ 20 ಬೊಜ್ಜು ಶಸ್ತ್ರಚಿಕಿತ್ಸಕರ ವಿಡಿಯೊಗಳಿಗೆ ಸಹ ಸರ್ಜನ್ನರೇ ಅಂಕ ಕೊಟ್ಟ 2013ರ ಅಧ್ಯಯನದಲ್ಲಿ, ಕೆಳಗಿನ ಕಾಲುಭಾಗದವರ ರೋಗಿಗಳಲ್ಲಿ ತೊಡಕು ಶೇ 14.5, ಮೇಲಿನ ಕಾಲುಭಾಗದವರಲ್ಲಿ ಶೇ 5.2 ಇತ್ತು.

ಕಾಲೇಜುಗಳು ಮೊದಲು ಪೆಟ್ಟಿಗೆಯ ವಿಡಿಯೊಗಳಿಂದಲೇ ಶುರುಮಾಡಲಿ: ಆರು ಸಣ್ಣ ತುಂಡುಗಳನ್ನು ಒಂದು ಕೈಯಿಂದ ಇನ್ನೊಂದಕ್ಕೆ ಗಾಳಿಯಲ್ಲೇ ದಾಟಿಸುವುದು, ಸ್ಪಂಜಿನ ಮೇಲೆ ಹೊಲಿಗೆ. ಜನರ ಅಂಕ ತೀರ ಕೆಳಗೆ ಬಿದ್ದವರದನ್ನು ಮಾತ್ರ ಪ್ರೊಫೆಸರ್ ನೋಡಿದರೆ ಅವರ ಗಂಟೆಗಟ್ಟಲೆ ಸಮಯ ಉಳಿದೀತು. ರೋಗಿಯ ವಿಡಿಯೊ ಹೊರಗೆ ಬಿಡುವುದೇ ಆದರೆ ಲಿಖಿತ ಒಪ್ಪಿಗೆ ಇರಲಿ, ಪರದೆಯ ಮೂಲೆಯಲ್ಲಿ ಬರುವ ಹೆಸರು, ಆಸ್ಪತ್ರೆ ನಂಬರ್ ಅಳಿಸಿರಲಿ. ಮಸೂರ ಒರೆಸಲು ಕ್ಯಾಮೆರಾ ಹೊರತೆಗೆದಾಗ ಥಿಯೇಟರಿನವರ ಮುಖಗಳೂ ದಾಖಲಾಗುತ್ತವೆ. ಆ ತುಣುಕುಗಳನ್ನೂ ಕತ್ತರಿಸಬೇಕು.

– ಶಸ್ತ್ರಚಿಕಿತ್ಸಾ ಬೋಧಕರು, ಕಾಸರಗೋಡು