ಪಕ್ಕದ ಮನೆಯ ಅಜ್ಜಿ ಹಾಡಿದ ಮೋಹನ

ಆತ್ಮೀಯ ಓದುಗರೇ,

ಅಕ್ಟೋಬರಿನಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿ ತೀರಿಕೊಂಡರು. ಅಮೆರಿಕದ ಕೆಂಟಕಿ ರಾಜ್ಯದ ಗುಡ್ಡಗಾಡಿನಲ್ಲಿ ಹುಟ್ಟಿ ಬೆಳೆದವರು, ನಮ್ಮ ಮಗಳಿಗೆ ಹೊಲಿಗೆ ಹೇಳಿಕೊಟ್ಟವರು. ಅವರ ಚರ್ಚಿನಲ್ಲಿ ಕೊನೆಗೆ ಎಲ್ಲರೂ ಎದ್ದು ನಿಂತು 'ಅಮೇಜಿಂಗ್ ಗ್ರೇಸ್' ಎಂಬ ಭಕ್ತಿಗೀತೆ ಹಾಡಿದರು. ಆರ್ಗನ್ ಇಲ್ಲ, ಪಿಯಾನೋ ಇಲ್ಲ. ಮೊದಲ ಸಾಲು ಮುಗಿಯುವಷ್ಟರಲ್ಲಿ ನನ್ನ ಹೆಂಡತಿ ಕಿವಿಯ ಹತ್ತಿರ ಬಂದು ಕೇಳಿದಳು: "ಇದು ಮೋಹನ ಅಲ್ವಾ?"

ಹೌದು, ನಮ್ಮ ಮೋಹನ ರಾಗವೇ. ಪ ಸ ಗಸ ಗ, ರಿ ಸ ದ ಪ. ಮಧ್ಯಮವೂ ಇಲ್ಲ, ನಿಷಾದವೂ ಇಲ್ಲ. ಸಂಗೀತ ಪಾಠಕ್ಕೆ ಹೋದ ನಮ್ಮ ಮಕ್ಕಳೆಲ್ಲ 'ವರವೀಣಾ' ಗೀತೆಯಲ್ಲಿ ಕಲಿಯುವ ಅದೇ ಐದು ಸ್ವರ. ಇಬ್ಬರೂ ಮೆಲ್ಲಗೆ ದನಿಗೂಡಿಸಿದೆವು. ಪದ ಗೊತ್ತಿರಲಿಲ್ಲ, ಆದರೂ ಧಾಟಿ ನಮ್ಮನ್ನು ಒಳಗೆ ಕರೆದುಕೊಂಡಿತು.

ಮನೆಗೆ ಬಂದ ಮೇಲೆ ಆ ಹಾಡಿನ ರೆಕಾರ್ಡಿಂಗ್ ಹುಡುಕುತ್ತಾ ಕೂತೆ. ಎಷ್ಟಿವೆ ಅಂತೀರಿ! ಅಮೆರಿಕದ ದೊಡ್ಡ ಗ್ರಂಥಾಲಯ ಲೈಬ್ರರಿ ಆಫ್ ಕಾಂಗ್ರೆಸ್‌ನ ಒಂದು ಸಂಗ್ರಹದಲ್ಲೇ 3000ಕ್ಕೂ ಜಾಸ್ತಿ ಇವೆ. ಒಂದು ವಾರ ಆಫೀಸಿಗೆ ಹೋಗುವಾಗ, ಬರುವಾಗ ಕಾರಿನಲ್ಲಿ ಇದೇ ಹಾಡು. ನಾನು ಕೇಳಿದ ಹೊಸ ರೆಕಾರ್ಡಿಂಗ್‌ಗಳಲ್ಲಿ ಬಹಳಷ್ಟು ಒಂದೇ ಅಚ್ಚಿನವು. ಮೊದಲು ಮೆಲ್ಲಗೆ ಪಿಯಾನೋ, ಆಮೇಲೆ ಪಿಟೀಲುಗಳ ಗುಂಪು, ಕೊನೆಗೆ ಡ್ರಮ್. ಉಸಿರಿನ ಸದ್ದು ಕೂಡ ಉಳಿಯದ ಹಾಗೆ ತಿದ್ದಿ ತೀಡಿದ್ದಾರೆ. ಶ್ರುತಿ ಹಾಡುವವರ ಗಂಟಲಿಗೆ ಹೊಂದಿದ್ದು, ನಮ್ಮ ನಿಮ್ಮ ಗಂಟಲಿಗಲ್ಲ. ಜೊತೆಗೆ ಹಾಡೋಣ ಎಂದು ಬಾಯಿ ತೆರೆದರೆ ಎಲ್ಲಿ ಸೇರಿಕೊಳ್ಳಬೇಕೋ ತಿಳಿಯುವುದಿಲ್ಲ. ಹತ್ತಾರು ಜನ ಒಟ್ಟಿಗೆ ಹಾಡಲೆಂದೇ ಇರುವ ಹಾಡು ಇದು. ಕೇಳುವವರಿಗೆ ಅದರಲ್ಲಿ ಜಾಗವೇ ಇಲ್ಲದಿದ್ದರೆ ಹೇಗೆ?

ಹೊಸದಾಗಿ ಹಾಡುವುದೇ ತಪ್ಪು ಅಂತಲ್ಲ. ಈ ಹಾಡು ಹುಟ್ಟಿದಾಗಿನಿಂದ ಬದಲಾಗುತ್ತಲೇ ಬಂದಿದೆ. ಇಂಗ್ಲೆಂಡಿನ ಓಲ್ನಿ ಎಂಬ ಊರಿನ ಪಾದ್ರಿ ಜಾನ್ ನ್ಯೂಟನ್ 1772ರ ಕೊನೆಯಲ್ಲಿ ಬರೆದದ್ದು ಪದ್ಯ ಮಾತ್ರ. ಈಗ ನಾವು ಕೇಳುವ ಧಾಟಿಯ ಜೊತೆ ಅದು ಅಚ್ಚಾದದ್ದು 1835ರಲ್ಲಿ, ಅಮೆರಿಕದ ದಕ್ಷಿಣದ ವಿಲಿಯಂ ವಾಕರ್ ಹೊರತಂದ ಹಾಡಿನ ಪುಸ್ತಕದಲ್ಲಿ. ಹತ್ತು ಸಾವಿರ ವರ್ಷದ ಮಾತು ಬರುವ ಕೊನೆಯ ಚರಣವಂತೂ ನ್ಯೂಟನ್ ಅವರದ್ದೇ ಅಲ್ಲ. 2006ರಲ್ಲಿ ಗಾಯಕ ಕ್ರಿಸ್ ಟಾಮ್ಲಿನ್ ಇದಕ್ಕೊಂದು ಹೊಸ ಪಲ್ಲವಿ ಸೇರಿಸಿ ಹಾಡಿದರು. ಮೊದಲ ಸಲ ಕೇಳಿದಾಗ ನನಗೆ ಹಿಡಿಸಲಿಲ್ಲ. ಎರಡು ಮೂರು ಸಲ ಕೇಳಿದ ಮೇಲೆ ಅನಿಸಿತು, ಪಲ್ಲವಿ ಬಂದಾಗ ಯಾರು ಬೇಕಾದರೂ ದನಿಗೂಡಿಸಬಹುದಲ್ಲ!

ನ್ಯೂಟನ್ ಅವರ ಬಗ್ಗೆ ಇನ್ನೊಂದು ವಿಷಯ ಹೇಳಲೇಬೇಕು. ಪಾದ್ರಿಯಾಗುವ ಮೊದಲು ಅವರು ಆಫ್ರಿಕಾದಿಂದ ಗುಲಾಮರನ್ನು ಸಾಗಿಸುವ ಹಡಗಿನ ಕ್ಯಾಪ್ಟನ್. 1748ರ ಬಿರುಗಾಳಿಯಲ್ಲಿ ಬದುಕಿ ಉಳಿದು ದೇವರ ಕಡೆ ತಿರುಗಿದರು. ಆದರೂ ಆ ಸಮುದ್ರಯಾನ ನಿಂತದ್ದು 1754ರಲ್ಲಿ. ಆ ವ್ಯಾಪಾರದ ವಿರುದ್ಧ ಅವರು ಬರೆದದ್ದು ಅಚ್ಚಾಗಲು 1788 ಬರಬೇಕಾಯಿತು. ಅಂಥವರು ಬರೆದ ಹಾಡನ್ನು, ಹಾಗೆ ಸಾಗಿಸಲ್ಪಟ್ಟ ಜನರ ಮಕ್ಕಳು ಮೊಮ್ಮಕ್ಕಳು ತಮ್ಮ ಚರ್ಚುಗಳಲ್ಲಿ ತಮ್ಮದೇ ಮಾಡಿಕೊಂಡರು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಅಮೆರಿಕದ ಕಪ್ಪು ಜನಾಂಗದ ಗಾಯಕಿ ಅರೀತಾ ಫ್ರಾಂಕ್ಲಿನ್ ಹಾಡಿದ್ದನ್ನು ಕೇಳಿ.

1972ರ ಜನವರಿ 13 ಮತ್ತು 14. ಲಾಸ್ ಏಂಜಲೀಸ್‌ನ ನ್ಯೂ ಟೆಂಪಲ್ ಮಿಷನರಿ ಬ್ಯಾಪ್ಟಿಸ್ಟ್ ಚರ್ಚ್, ಒಂದು ಕಾಲಕ್ಕೆ ಸಿನಿಮಾ ಥಿಯೇಟರ್ ಆಗಿದ್ದ ಕಟ್ಟಡ. ಅರೀತಾ ಅವರಿಗೆ ಆಗ 29 ವರ್ಷ, ದೊಡ್ಡ ಹೆಸರು ಆಗಲೇ ಬಂದಿತ್ತು. ಒಳ್ಳೆಯ ಸ್ಟುಡಿಯೋದಲ್ಲಿ ಆರಾಮಾಗಿ ಹಾಡಬಹುದಿತ್ತು. ಆದರೆ ಎದುರಿಗೆ ಜನ, ಹಿಂದೆ ಕಾಯರ್ (ಚರ್ಚಿನ ಹಾಡುಗಾರರ ತಂಡ) ಇರುವಾಗಲೇ ಹಾಡಿ ರೆಕಾರ್ಡ್ ಮಾಡಿಸಿದರು.

ಈ ಹಾಡೊಂದೇ ಸುಮಾರು 11 ನಿಮಿಷ. ತಾಳ ಇಲ್ಲ. ನಮ್ಮ ದಾಸರ ಉಗಾಭೋಗ ಕೇಳಿದ ಹಾಗೆ. ಒಂದೊಂದು ಅಕ್ಷರವನ್ನೂ ಹಿಡಿದು, ಎಳೆದು, ಮೇಲಕ್ಕೆ ಹತ್ತಿಸಿ, ಮೆಲ್ಲಗೆ ಇಳಿಸಿ, ಆಮೇಲೆ ಮುಂದಿನ ಅಕ್ಷರಕ್ಕೆ ಹೋಗುತ್ತಾರೆ. ಅವರು ಉಸಿರು ತೆಗೆದುಕೊಳ್ಳುವ ಸಂದಿಯಲ್ಲಿ ಜನ ಕೂಗುತ್ತಾರೆ, "ಹಾಡು ತಾಯಿ, ಹಾಡು" ಎಂದು ನಮ್ಮವರು ಹುರಿದುಂಬಿಸುವ ಹಾಗೆ. ಆ ಕೂಗಿಗೆ ಅವರ ಮುಂದಿನ ಸ್ವರವೇ ಉತ್ತರ. ಜನರ ಸದ್ದನ್ನು ತೆಗೆದುಬಿಟ್ಟರೆ ಈ ಹಾಡು ಅರ್ಧ ಆಗಿಬಿಡುತ್ತದೆ. ಆ ಎರಡು ರಾತ್ರಿಗಳ ಚಿತ್ರೀಕರಣವೂ ಆಗಿತ್ತು. ದೃಶ್ಯಕ್ಕೆ ಧ್ವನಿ ಹೊಂದಿಸಲಾಗದೆ ಅದು ವರ್ಷಗಟ್ಟಲೆ ಬಿದ್ದಿತ್ತು, ಕೊನೆಗೆ 2018ರಲ್ಲಿ ಹೊರಬಂತು. ಕಾಯರ್ ನಡೆಸುತ್ತಿದ್ದ ಪಾದ್ರಿ ಜೇಮ್ಸ್ ಕ್ಲೀವ್‌ಲ್ಯಾಂಡ್ ಈ ಹಾಡಿನ ನಡುವೆ ಮುಖ ಮುಚ್ಚಿಕೊಂಡು ಅಳುವುದನ್ನು ಅದರಲ್ಲಿ ನೋಡಬಹುದು. ಅದೇ ರೆಕಾರ್ಡಿನ ಬೇರೆ ಹಾಡುಗಳಲ್ಲಿ ಡ್ರಮ್ ಇದೆ, ಎಲೆಕ್ಟ್ರಿಕ್ ಬೇಸ್ ಗಿಟಾರ್ ಇದೆ. ಯಾವುದೂ ಅಡ್ಡ ಬರುವುದಿಲ್ಲ.

ಇದಕ್ಕೂ ಮೊದಲು, 1970ರಲ್ಲಿ, ಗಾಯಕಿ ಜೂಡಿ ಕಾಲಿನ್ಸ್ ಇದೇ ಹಾಡನ್ನು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಚಾಪೆಲ್‌ನಲ್ಲಿ ರೆಕಾರ್ಡ್ ಮಾಡಿದ್ದರು. ವಾದ್ಯವೇ ಇಲ್ಲ. ಒಬ್ಬರ ದನಿ, ಆಮೇಲೆ ಸುತ್ತ ನಿಂತವರ ದನಿ. ಮಕ್ಕಳಿಗೆ ಮೊದಲ ಸಲ ಕೇಳಿಸುವುದಾದರೆ ಇದನ್ನು ಹಾಕಿ.

ಅಜ್ಜಿಯ ಸೀಮೆಯ ಹಾಡಿಕೆಯದೂ ಒಂದು ರೆಕಾರ್ಡ್ ಸಿಕ್ಕಿತು. ಆಗ್ನೇಯ ಕೆಂಟಕಿಯ ಓಲ್ಡ್ ರೆಗ್ಯುಲರ್ ಬ್ಯಾಪ್ಟಿಸ್ಟ್ ಎಂಬ ಕ್ರೈಸ್ತ ಪಂಗಡದವರು ಹಾಡಿದ್ದನ್ನು ಸ್ಮಿತ್‌ಸೋನಿಯನ್ ಸಂಸ್ಥೆ 1997ರಲ್ಲಿ ಹೊರತಂದಿದೆ. ಒಬ್ಬ ಹಿರಿಯ ಒಂದು ಸಾಲನ್ನು ಬೇಗ ಬೇಗ ಹೇಳಿಕೊಡುತ್ತಾನೆ. ಉಳಿದವರೆಲ್ಲ ಆ ಸಾಲನ್ನು ನಿಧಾನವಾಗಿ ಎಳೆದು ಹಾಡುತ್ತಾರೆ. ಹಾಡಿನ ಪುಸ್ತಕ ಎಲ್ಲರ ಕೈಯಲ್ಲೂ ಇರದ, ಓದು ಬರಹ ಎಲ್ಲರಿಗೂ ಬಾರದ ಕಾಲದ ಪದ್ಧತಿ. ನಮ್ಮೂರ ಭಜನೆಯಲ್ಲಿ ಒಬ್ಬರು ಹೇಳಿಕೊಟ್ಟು ಎಲ್ಲರೂ ಹೇಳುವುದಿಲ್ಲವೇ, ಹಾಗೆ. ಎಲ್ಲರದೂ ಒಂದೇ ಧಾಟಿ, ಆದರೆ ತಿರುವು ಒಬ್ಬೊಬ್ಬರದು ಒಂದೊಂದು.

ನಾನು ಇಷ್ಟೆಲ್ಲ ಕೇಳುತ್ತಿದ್ದೇನೆ ಎಂದು ತಿಳಿದು ಅಜ್ಜಿಯ ಮಗ ಕಳೆದ ಭಾನುವಾರ ಒಂದು ಹಳೆಯ ಕ್ಯಾಸೆಟ್ ತಂದುಕೊಟ್ಟರು. ಅಡುಗೆಮನೆಯಲ್ಲಿ ಮಾಡಿದ ರೆಕಾರ್ಡಿಂಗ್. ಹಿಂದೆ ಫ್ರಿಜ್ಜಿನ ಗುಂಯ್ ಸದ್ದು. ಚಮಚ ಬೋಗುಣಿಯ ಅಂಚಿಗೆ ತಾಗಿದ ಸದ್ದು. ಎರಡನೇ ಚರಣದ ಮಧ್ಯೆ ಓವನ್ ಬಾಗಿಲು ತೆಗೆಯುತ್ತಾರೆ. ಹಾಡು ನಿಲ್ಲುತ್ತದೆ. ಬಿಸಿ ತಟ್ಟೆ ಹೊರಗಿಟ್ಟು, ಬಿಟ್ಟ ಪದದಿಂದಲೇ ಮತ್ತೆ ಶುರು. ಅಷ್ಟರಲ್ಲಿ ಪಕ್ಕದ ಕೋಣೆಯಿಂದ ಅವರ ಯಜಮಾನರ ದನಿ, ಒಂದು ಸ್ಥಾಯಿ ಕೆಳಗೆ, ಮೆಲ್ಲಗೆ ಸೇರಿಕೊಳ್ಳುತ್ತದೆ. ಈ ವಾರ ನಾನು ಕೇಳಿದ ಎಲ್ಲಾ ರೆಕಾರ್ಡಿಂಗ್‌ಗಳಲ್ಲಿ ಮತ್ತೆ ಮತ್ತೆ ಹಾಕಿ ಕೇಳಿದ್ದು ಇದನ್ನೇ.

ನಮ್ಮ ಕನ್ನಡ ಕೂಟದಲ್ಲೂ ಮಂಗಳೂರು, ಧಾರವಾಡ, ಕೋಲಾರದ ಕಡೆಯ ಕ್ರೈಸ್ತ ಮನೆಗಳಿವೆ. ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದ ಮೇಲೆ ಜರ್ಮನ್ ಧಾಟಿಗಳಿಗೆ ಕನ್ನಡ ಪದ ಕೂಡಿದವು. ಆ ಹಾಡುಗಳು ಬಾಯಿಗೆ ಬರುವ ಹಿರಿಯರು ನಮ್ಮ ನಡುವೆಯೇ ಇದ್ದಾರೆ. ಡಿಸೆಂಬರಿನ ಕ್ರಿಸ್‌ಮಸ್ ಊಟಕ್ಕೆ ಬರುವಾಗ ಅಟ್ಟದಲ್ಲಿ, ಪೆಟ್ಟಿಗೆಯಲ್ಲಿ ಇರುವ ಕ್ಯಾಸೆಟ್‌ಗಳನ್ನು ದಯವಿಟ್ಟು ತನ್ನಿ. ಪ್ಲೇಯರ್ ಮತ್ತು ಕಂಪ್ಯೂಟರಿಗೆ ಹಾಕುವ ವೈರ್ ನಾನು ತರುತ್ತೇನೆ. ಊರಿನಿಂದ ಅಪ್ಪ ಅಮ್ಮ ಬಂದಿದ್ದರೆ ಅವರನ್ನೂ ಕರೆದುಕೊಂಡು ಬನ್ನಿ. ಊಟ ಆದ ಮೇಲೆ ಮೇಜಿನ ಮೇಲೆ ಫೋನಿಟ್ಟು ಹಾಡಿಸೋಣ. ನಡುವೆ ಮಕ್ಕಳು ಗಲಾಟೆ ಮಾಡಿದರೂ ಪರವಾಗಿಲ್ಲ, ರೆಕಾರ್ಡಿಂಗ್ ನಿಲ್ಲಿಸುವುದು ಬೇಡ.

— ಸಂಪಾದಕ