ಫ್ರೇಮ್ ಬಿಚ್ಚೋ ಮುಂಚೆ

ಪುಟ್ಟಿ,

ನಿನ್ನ ಪತ್ರ ಬಂದು ನಾಲ್ಕು ದಿನ ಆಯ್ತು. ನಿಮ್ಮಪ್ಪ ತಗೊಂಡಿದ್ದ ಆ ಡಾಲಿ ಪ್ರಿಂಟ್‌ಗೆ, ಅದೇ ಸ್ಪೇನಿನ ಚಿತ್ರಕಾರ ಸಾಲ್ವಡಾರ್ ಡಾಲಿಯ ಅಚ್ಚು ಚಿತ್ರಕ್ಕೆ, ಎಷ್ಟು ಬೆಲೆ ಬರ್ಬೋದು, ಯಾರಿಗೆ ತೋರಿಸ್ಲಿ ಮಾವ ಅಂತ ಕೇಳಿದೀಯ, ಅಷ್ಟೇ ಆಗಿದ್ರೆ ಅವತ್ತೇ ಬರೀತಿದ್ದೆ. ಆದ್ರೆ ಕೊನೇಲಿ ಒಂದು ಸಾಲು ಹಾಕಿದೀಯಲ್ಲ, ನಕಲಿ ಅಂತ ಗೊತ್ತಾದ್ರೆ ಅಪ್ಪ ಮೋಸ ಹೋಗಿದ್ರು ಅಂತಾಗುತ್ತೆ, ಅದಕ್ಕೇ ತೋರಿಸೋಕೆ ಭಯ ಅಂತ. ಅದನ್ನ ಓದಿದ್ಮೇಲೆ ಪೆನ್ನು ಹಿಡಿಯೋಕೆ ಮನಸ್ಸೇ ಬರ್ಲಿಲ್ಲ. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ತಡಿ.

ಮೊದಲು ಒಂದು ವಿಷ್ಯ. ಡಾಲಿ ವಿಷಯದಲ್ಲಿ ಅಸಲಿನಾ ನಕಲಿನಾ ಅನ್ನೋದು ಒಂದೇ ಪ್ರಶ್ನೆ ಅಲ್ಲ. 1974ರಲ್ಲಿ ಫ್ರಾನ್ಸ್ ಗಡಿಯಲ್ಲಿ ಕಸ್ಟಮ್ಸ್‌ನೋರು ಒಂದು ಲಾರಿ ತಡೆದು ನೋಡಿದ್ರೆ ಒಳಗೆ 40,000 ಖಾಲಿ ಹಾಳೆ, ಎಲ್ಲದರ ಮೇಲೂ ಡಾಲಿ ಸಹಿ, ಚಿತ್ರ ಮಾತ್ರ ಒಂದೂ ಇಲ್ಲ. ಆಮೇಲೆ ಅಂಥ ಹಾಳೆ ಮೇಲೆ ಯಾರು ಏನು ಬೇಕಾದ್ರೂ ಅಚ್ಚು ಹಾಕ್ಬೋದಲ್ವಾ? ಅಂದ್ರೆ ಸಹಿ ಅವನದ್ದೇ, ಚಿತ್ರ ಅವನು ಕಣ್ಣಲ್ಲೂ ನೋಡದೇ ಇರೋದು, ಹೀಗೂ ಇರುತ್ತೆ. ಚಿತ್ರ ಸರಿ, ಸಹಿ ಬೇರೆಯೋರು ಗೀಚಿದ್ದು, ಹಾಗೂ ಇರುತ್ತೆ. ದೊಡ್ಡ ದೊಡ್ಡ ಕಲೆಕ್ಟರ್‌ಗಳೇ ಇದ್ರಲ್ಲಿ ಬಿದ್ದಿದಾರೆ ಕಣೇ. ಭಾವ ಬಿದ್ದಿದ್ರೆ ಅದು ಅವರ ದಡ್ಡತನ ಅಲ್ಲ.

ಇನ್ನು ನಾನು ಹೇಳ್ಬೇಕಾಗಿದ್ದು. ಅದನ್ನ ತಗೊಳ್ಳೋ ದಿನ ಭಾವ ನನ್ನನ್ನ ಜೊತೇಲಿ ಕರ್ಕೊಂಡು ಹೋಗಿದ್ರು. ನೀನು ಚಿಕ್ಕೋಳು, ನಿಂಗೆ ಗೊತ್ತಿಲ್ಲ. ನಂಗೆ ಪ್ರಿಂಟ್ ಗೊತ್ತು ಅಂತ ಅವರಿಗೊಂದು ನಂಬಿಕೆ. ಗೋಡೆ ಮೇಲೆ ಗಾಜಿನ ಹಿಂದೆ ಇತ್ತು, ಎಡಗಡೆ ಕೆಳಗೆ ಪೆನ್ಸಿಲಲ್ಲಿ 127/300 (ಮುನ್ನೂರು ಪ್ರತಿಯಲ್ಲಿ 127ನೇದು ಅಂತ), ಬಲಗಡೆ ಸಹಿ, ಮೇಲಿನ ಲೈಟು ಗಾಜಿಗೆ ಹೊಡೆದು ನನ್ನ ಮುಖಾನೇ ಕಾಣ್ತಿತ್ತು. ಏನಂತೀಯ ಅಂತ ಕೇಳಿದ್ರು. ನಾನು ಸರ್ಟಿಫಿಕೇಟ್ ಕಡೆ ನೋಡಿ, ಕಾಗದಪತ್ರ ಎಲ್ಲಾ ಇದೆಯಲ್ಲ ಭಾವ, ತಗೊಳ್ಳಿ ಅಂದ್ಬಿಟ್ಟೆ. ಗಾಜು ತೆಗೀರಿ, ಒಂದು ಸಲ ನೋಡ್ತೀನಿ ಅನ್ನೋ ಮಾತು ಬಾಯಿಗೆ ಬಂದಿತ್ತು ಪುಟ್ಟಿ. ಮಾರೋರು ಏನಂದ್ಕೋತಾರೋ ಅಂತ ಸಂಕೋಚ. ಆ ಸರ್ಟಿಫಿಕೇಟ್ ಬರ್ದಿದ್ದು ಯಾರು ಅಂದ್ರೆ ಮಾರ್ತಾ ಇದ್ದೋರೇ. ಹಾಗಾಗಿ ಯಾರಾದ್ರೂ ಮೋಸ ಹೋಗಿದ್ರೆ ಅದು ನಾನು, ಅವರು ನನ್ನ ಮಾತು ನಂಬಿದ್ರು ಅಷ್ಟೇ. ಇಷ್ಟು ವರ್ಷ ಆ ಗೋಡೆ ಮುಂದೆ ಕೂತು ಮಾತಾಡಿದೀನಿ, ಒಂದು ದಿನಾನೂ ಇದನ್ನ ಅವರಿಗೆ ಹೇಳ್ಲಿಲ್ಲ.

ಸರಿ, ನೀನು ಕೇಳಿದ್ದಕ್ಕೆ ಬರ್ತೀನಿ, ನಾನೇನು ದೊಡ್ಡ ಪಂಡಿತ ಅಲ್ಲ, ತಿಳಿದಷ್ಟು ಬರೀತೀನಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸೋ ಲೂಪ್ ಒಂದು ತಗೋ. ಬಣ್ಣ ಇರೋ ಕಡೆ ಇಟ್ಟು ನೋಡು. ಹಳೇ ಪತ್ರಿಕೆ ಫೋಟೊದಲ್ಲಿರೋ ಹಾಗೆ ಸಣ್ಣ ಸಣ್ಣ ಚುಕ್ಕೆ ಸಾಲುಸಾಲಾಗಿ, ಹೂವಿನ ಎಸಳಿನ ಥರ ಗುಂಪಾಗಿ ಕಂಡ್ರೆ ಅದು ಫೋಟೊ ತೆಗೆದು ಆಫ್‌ಸೆಟ್ ಮೆಷಿನ್‌ನಲ್ಲಿ ಅಚ್ಚು ಹಾಕಿದ್ದು. ಕೈಯಲ್ಲಿ ಮಾಡಿದ ಲಿಥೊಗ್ರಾಫ್‌ನಲ್ಲಿ (ಕಲ್ಲು ಇಲ್ಲಾ ಲೋಹದ ತಗಡಿನ ಮೇಲೆ ಬರೆದು ತೆಗೆಯೋ ಅಚ್ಚು) ಬಳಪದ ಗೆರೆ ಎಳೆದ ಹಾಗೆ ತರಿತರಿಯಾಗಿ, ಲೆಕ್ಕ ಇಲ್ದೇ ಇರುತ್ತೆ. ಎಚಿಂಗ್ (ಲೋಹದ ಪ್ಲೇಟಲ್ಲಿ ಆಸಿಡ್‌ನಿಂದ ಗೆರೆ ಕೊರೆದು ಒತ್ತೋ ಅಚ್ಚು) ಆದ್ರೆ ಚಿತ್ರದ ಸುತ್ತ ಪ್ಲೇಟ್ ಒತ್ತಿದ ಗುರುತು ಬೆರಳಿಗೆ ಸಿಗುತ್ತೆ (ಕೈ ತೊಳ್ಕೊಂಡು, ಒಣಗಿಸ್ಕೊಂಡು ಮುಟ್ಟು). ಸಹಿ ಮೇಲೆ ಟಾರ್ಚನ್ನ ಪಕ್ಕದಿಂದ ಓರೆಯಾಗಿ ಹಿಡಿ, ನಿಜವಾದ ಪೆನ್ಸಿಲ್ ಆದ್ರೆ ಬೂದು ಹೊಳಪು ಬರುತ್ತೆ, ಕಾಗದ ಕೂದಲೆಳೆಯಷ್ಟು ತಗ್ಗಿರುತ್ತೆ. ಚಿತ್ರದ ಜೊತೆಗೇ ಅಚ್ಚಾದ ಸಹಿಗೆ ಇವೆರಡೂ ಇರಲ್ಲ.

ಆಮೇಲೆ ಕಾಗದ. ಬೆಳಕಿಗೆ ಹಿಡಿದ್ರೆ ಆರ್ಷ್ ಅಂತಲೋ ರೀವ್ ಅಂತಲೋ ಕಾಗದದ ಕಂಪನಿ ಹೆಸರಿನ ವಾಟರ್‌ಮಾರ್ಕ್ ಕಾಣ್ಬೋದು. ಅದರ ಪಕ್ಕ ಮಲಗಿಸಿದ 8ರ ಥರ ಅನಂತದ ಚಿಹ್ನೆ ಇದ್ರೆ ಆ ಕಾಗದ 1980ರ ಮೇಲಿಂದು. ಅಷ್ಟೊತ್ತಿಗೆ ಡಾಲಿಗೆ ಕೈ ನಡುಗ್ತಿತ್ತು, ಪ್ರಿಂಟ್‌ಗೆ ಸಹಿ ಹಾಕೋದು ನಿಂತಿತ್ತು. ಅಂಥ ಕಾಗದದ ಮೇಲೆ ಗಟ್ಟಿಯಾದ ನೀಟಾದ ಸಹಿ ಇದ್ರೆ ನಂಬೋಕಾಗಲ್ಲ. ಆಲ್ಬರ್ಟ್ ಫೀಲ್ಡ್ ಅನ್ನೋರು 1996ರಲ್ಲಿ ಡಾಲಿಯ ಪ್ರಿಂಟ್‌ಗಳ ಕ್ಯಾಟಲಾಗ್ ತಂದ್ರು, ಯಾವುದು ಯಾವ ಕಾಗದದ ಮೇಲೆ, ಯಾವ ಅಳತೆ, ಎಷ್ಟು ಪ್ರತಿ ಅಂತ ಇದೆ. ನಮ್ಮದನ್ನ ಅದ್ರ ಜೊತೆ ಹೋಲಿಸಿ ನೋಡೋಕೆ ಬೆಲೆ ಕಟ್ಟೋರಿಗೆ ಹೇಳು. 300 ಅಂದ್ರೂ 300ಕ್ಕೇ ನಿಲ್ಲಲ್ಲ, ರೋಮನ್ ಅಂಕಿ ಹಾಕಿದ ಬೇರೆ ಎಡಿಷನ್, ಇ.ಎ. (ಕಲಾವಿದನ ಪ್ರತಿ), ಎಚ್.ಸಿ. (ಮಾರಾಟಕ್ಕಲ್ಲದ ಪ್ರತಿ) ಅಂತ ಬರೆದ ಪ್ರತಿಗಳು, ಎಲ್ಲಾ ಸೇರಿ ಎಷ್ಟೋ ಆಗಿರುತ್ತೆ, ಬೆಲೆ ಕಟ್ಟೋವಾಗ ಅದೂ ಲೆಕ್ಕಕ್ಕೆ ಬರುತ್ತೆ.

ಇದನ್ನೆಲ್ಲ ನೋಡೋಕೆ ಗಾಜು ತೆಗೀಬೇಕು, ಆದ್ರೆ ಫ್ರೇಮ್ ನೀನೇ ಬಿಚ್ಚಬೇಡ, ಗೊತ್ತಿರೋರ ಕೈಲಿ ಬಿಚ್ಚಿಸು. ನನ್ನತ್ರ ಮಿರೋ ಅನ್ನೋ ಇನ್ನೊಬ್ಬ ಚಿತ್ರಕಾರನ ಪ್ರಿಂಟ್ ಒಂದಿತ್ತು ನೆನಪಿದ್ಯಾ, ನೀಲಿ ಚುಕ್ಕೆದು. ಫ್ರೇಮ್ ಹಾಕೋನಿಗೆ ಕೊಟ್ಟೆ, ಅವನು ಫ್ರೇಮಿನ ಅಳತೆಗೆ ಸರಿಹೋಗ್ಲಿ ಅಂತ ಅಂಚು ಕತ್ತರಿಸಿ ರಟ್ಟಿಗೆ ಅಂಟು ಹಚ್ಚಿ ಅಂಟಿಸಿಬಿಟ್ಟ, ಪೆನ್ಸಿಲ್ ನಂಬರ್ ಇದ್ದ ಪಟ್ಟಿ ಕಸದ ಬುಟ್ಟೀಲಿ. ಮಾರ್ಜಿನ್ ಮುಟ್ಟಬೇಡ ಅಂತ ಒಂದು ಮಾತು ಹೇಳಿದ್ರೆ ಉಳೀತಿತ್ತು. ಅಲ್ಲೂ ಬಾಯಿ ಬಿಡಲಿಲ್ಲ ನಾನು.

ಬೆಲೆ ಕಟ್ಟೋರು ಬೆಲೆಯಲ್ಲಿ ಇಷ್ಟು ಪರ್ಸೆಂಟ್ ಫೀಸು ಅಂದ್ರೆ ಬೇಡ ಅನ್ನು, ನೋಡಿದ ತಕ್ಷಣ ನಾನೇ ಕೊಂಡ್ಕೋತೀನಿ ಅಂದ್ರೂ ಬೇಡ. ಇನ್ಶೂರೆನ್ಸ್‌ಗೆ ಬರೆಯೋ ಬೆಲೆ ಸಾಮಾನ್ಯವಾಗಿ ಜಾಸ್ತಿ ಇರುತ್ತೆ, ಹರಾಜಲ್ಲಿ ಬರೋದು ಬೇರೆ, ಯಾವುದು ಬೇಕು ಅಂತ ಮೊದಲೇ ಹೇಳ್ಬಿಡು. ಅದೇ ಪ್ರಿಂಟ್ ಹಿಂದೆ ಹರಾಜಲ್ಲಿ ಎಷ್ಟಕ್ಕೆ ಹೋಗಿದೆ ಅನ್ನೋದೇ ಗಟ್ಟಿ ಆಧಾರ. ಮ್ಯಾಟ್ (ಫ್ರೇಮ್ ಒಳಗೆ ಚಿತ್ರದ ಸುತ್ತ ಇಡೋ ರಟ್ಟು) ಸುತ್ತ ಕಂದು ಗೆರೆ, ಬಿಸಿಲಿಗೆ ಬಣ್ಣ ಹೋಗಿರೋದು, ಇವಕ್ಕೆಲ್ಲ ಬೆಲೆ ಇಳಿಯುತ್ತೆ. ಭಾವ ಇಟ್ಟಿದ್ದ ರಸೀದಿ, ಪತ್ರ, ಹಿಂದಿನ ಲೇಬಲ್, ಯಾವುದನ್ನೂ ಎಸೀಬೇಡ. ಆ ಸರ್ಟಿಫಿಕೇಟೂ ಇರ್ಲಿ, ಅದನ್ನೇ ನಂಬ್ಬೇಡ ಅಷ್ಟೇ.

ನೋಡು, ಮತ್ತೆ ಅಲ್ಲಿಗೇ ಬಂದೆ. ನಕಲಿ ಅಂತ ಬಂದ್ರೆ ಅಪ್ಪ ಏನಾದ್ರು ಅಂತ ನೀನು ಯೋಚಿಸ್ತಿದೀಯ. ಭಾವ ಬೆಳಿಗ್ಗೆ ಕಾಫಿ ಲೋಟ ಹಿಡ್ಕೊಂಡು ಆ ಚಿತ್ರದ ಮುಂದೆ ನಿಂತು, ಆ ಉದ್ದ ಕಾಲಿನ ಆನೆ ಬೀಳಲ್ವಲ್ಲೋ ಅಂತ ನಗ್ತಿದ್ರು, ಅದನ್ನ ನಾನು ಕಣ್ಣಾರೆ ನೋಡಿದೀನಿ. ಆ ನಗು ಸಹಿ ನೋಡಿ ಬಂದಿದ್ದಲ್ಲ. ಆದ್ರೂ ನಿನ್ನ ಭಯ ಪೊಳ್ಳು ಅಂತ ನಾನು ಹೇಳಲ್ಲ, ನಂಗೂ ಅದೇ ಭಯ ಇದೆ, ನಿನಗಿಂತ ಜಾಸ್ತಿ.

ತೋರಿಸೋದು ಅಂತಾದ್ರೆ ಯಾವತ್ತು ಅಂತ ತಿಳಿಸು, ಬರ್ತೀನಿ. ಅವತ್ತು ಗಾಜಿನ ಮೇಲಿಂದ್ಲೇ ನೋಡಿ ಬಂದೋನು, ಈ ಸಲ ಗಾಜು ತೆಗೆದಾಗ ನಿನ್ನ ಪಕ್ಕ ನಿಂತಿರ್ಬೇಕು.

ನಿನ್ನ ಮಾವ