ಖಡೇಬಜಾರಿನ ಆ ಹಿರಿಯರಿಗೆ ನಮ್ಮ ಬಳಗದ ನಮಸ್ಕಾರ

ಅಮೆರಿಕದ ಹೆವಿ ಮೆಟಲ್ ಸಂಗೀತ ತಂಡ ಮೆಟಾಲಿಕಾದ ಬೇಸ್ ಗಿಟಾರ್ ವಾದಕ ಕ್ಲಿಫ್ ಬರ್ಟನ್ 1986ರ ಸೆಪ್ಟೆಂಬರ್ 27ರಂದು ಸ್ವೀಡನ್ನಿನಲ್ಲಿ ಬಸ್ ಅಪಘಾತದಲ್ಲಿ ತೀರಿಕೊಂಡರು. ಪ್ರತಿವರ್ಷ ಆ ದಿನ ಬೆಳಗಾವಿಯ ನಮ್ಮ ಅಭಿಮಾನಿ ಬಳಗ ಟಿಳಕವಾಡಿಯ ಮನೆಯೊಂದರಲ್ಲಿ ಸೇರಿ, ಅವರು ನುಡಿಸಿದ ಕೊನೆಯ ಆಲ್ಬಮ್ಮನ್ನು ಹಳೆಯ ಕ್ಯಾಸೆಟ್ಟಿನಲ್ಲೇ ಕೇಳುತ್ತದೆ. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ನುಡಿಸಿದಾಗ ನಾವು ಜೇಬಿನಲ್ಲಿಟ್ಟುಕೊಂಡು ಹೋಗಿದ್ದದ್ದೂ ಇದೇ ಕ್ಯಾಸೆಟ್.

ಈ ಬಾರಿ ಹಿಂದಿನ ದಿನವೇ ಟೇಪು ಪ್ಲೇಯರಿಗೆ ಸಿಕ್ಕಿ ಹರಿಯಿತು. ಖಡೇಬಜಾರಿನ ಚಿಕ್ಕದೊಂದು ರೇಡಿಯೋ ದುರಸ್ತಿ ಅಂಗಡಿಯಲ್ಲಿ ಕುಳಿತಿದ್ದ ಹಿರಿಯರು ನಮ್ಮ ಮಾತನ್ನು ಪೂರ್ತಿ ಕೇಳಿ, ಕ್ಯಾಸೆಟ್ಟಿನ ಐದು ಸ್ಕ್ರೂಗಳನ್ನು ಬಿಚ್ಚಿ ಬಟ್ಟಲಲ್ಲಿ ಹಾಕಿ, ಹರಿದ ಎರಡೂ ತುದಿಗಳನ್ನು ಒಂದರ ಮೇಲೊಂದಿಟ್ಟು ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ, ಧ್ವನಿಯಿಲ್ಲದ ಹಿಂಬದಿಗೆ ಅಂಟುಪಟ್ಟಿ ಹಚ್ಚಿ, ಉಗುರಿನಿಂದ ಮೆಲ್ಲಗೆ ತಿಕ್ಕಿದರು. ಆ ಸಂಗೀತವನ್ನು ಅವರು ಎಂದೂ ಕೇಳಿರಲಿಲ್ಲ, ಆದರೂ ಒಂದು ಗಂಟೆ ತಲೆ ಎತ್ತಲಿಲ್ಲ. ಹಣ ಕೊಡಲು ಹೋದರೆ, “ಹಾಡು ಕೇಳ್ರೆಪಾ, ರೊಕ್ಕ ಯಾಕ?” ಎಂದರು. ಹೆಸರನ್ನೂ ಹೇಳಲಿಲ್ಲ.

ಅಜ್ಜಾ, ಮರುದಿನ ಸಂಜೆ ಆ ಕ್ಯಾಸೆಟ್ ಎರಡೂ ಬದಿ ನಿಲ್ಲದೆ ಓಡಿತು. ಬೆಸುಗೆ ಬಿದ್ದ ಜಾಗದಲ್ಲಿ ಅರೆಕ್ಷಣದ ಮೌನವಿದೆ. ಅಲ್ಲಿ ನಾವೆಲ್ಲರೂ ನಿಮ್ಮನ್ನು ನೆನೆದೆವು.